ದಾರ್ಚೆನ್ ತಲುಪಿದ ಮೇಲೆ ವಿಶ್ರಾಂತಿ ಪಡೆದರೆ ಕೈಲಾಸ ಪರಿಕ್ರಮಕ್ಕೆ ಸಾಲದೇ?

ಸಾಲದು. ಪರಿಕ್ರಮ ಆರಂಭವಾಗುವ ದಾರ್ಚೆನ್, ಟಿಬೆಟ್‌ನಲ್ಲಿ ಕೈಲಾಸದ ಬುಡದ ಬಯಲಿನಲ್ಲಿರುವ ಊರು, ಅಲ್ಲಿಯವರೆಗೂ ಒಳ್ಳೆಯ ರಸ್ತೆಯಿದೆ, ಆದ್ದರಿಂದ ಅಲ್ಲಿಯೇ ತಂಗಿ ದೇಹವನ್ನು ಎತ್ತರಕ್ಕೆ ಹೊಂದಿಸಿಕೊಳ್ಳಬಹುದು ಎಂಬ ನಿಮ್ಮ ಲೆಕ್ಕಾಚಾರವನ್ನೇ ನಾನೂ ಹಾಕಿಕೊಂಡು ಹೊರಟಿದ್ದೆ.

ನಾವು ಕಠ್ಮಂಡುವಿನಿಂದ ಕೆರುಂಗ್ ಮಾರ್ಗವಾಗಿ ಹೋದೆವು. ಕೆರುಂಗ್ ನೇಪಾಳದ ಗಡಿಯಾಚೆ ಟಿಬೆಟ್‌ನಲ್ಲಿರುವ, ಸುಮಾರು 2,800 ಮೀಟರ್ ಎತ್ತರದ ಹಸಿರು ಕಣಿವೆ. ಅಲ್ಲಿ ಇನ್ನೊಂದು ರಾತ್ರಿ ಉಳಿಯುವುದು ಒಳ್ಳೆಯದೆಂದು ಮಾರ್ಗದರ್ಶಿ ಹೇಳಿದಾಗ, ಆ ದಿನವನ್ನು ಮಾನಸ ಸರೋವರದ ದಡದಲ್ಲಿ ಕಳೆಯೋಣವೆಂದು ಹಟ ಹಿಡಿದವನು ನಾನು. ಮರುದಿನ ರಾತ್ರಿ ಮಲಗಿದ್ದು ಸಾಗಾ ಪಟ್ಟಣದಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದೆಂಬ ನಿಯಮ ನನಗೆ ತಿಳಿದಿತ್ತು. ತಿಳಿದೂ ಮೀರಿದ್ದಕ್ಕೆ ಕಾರಣ, ಆ ನೆಲದ ಸ್ವರೂಪವನ್ನು ನಾನು ಅರಿಯದಿದ್ದದ್ದು. ಕೊಡಚಾದ್ರಿ ಹತ್ತುವವರು ಸುಸ್ತಾದರೆ ಇಳಿದುಬರುವ ಹಾಗೆ, ತೊಂದರೆಯಾದರೆ ಕೆಳಗಿನ ಊರಿಗೆ ಇಳಿದರಾಯಿತು ಎಂದು ಭಾವಿಸಿದ್ದೆ.

ಆದರೆ ಅಲ್ಲಿ ಹತ್ತಿರದಲ್ಲೆಲ್ಲೂ ಕೆಳಗಿನ ಊರೆಂಬುದಿಲ್ಲ. ದಾರ್ಚೆನ್ ಸುಮಾರು 4,600 ಮೀಟರ್ ಎತ್ತರದಲ್ಲಿದೆ. ಅದರ ಮುಂದೆ ಹಬ್ಬಿರುವ ಬರ್ಖಾ ಬಯಲು, ಆಚೆಗಿನ ಮಾನಸ ಸರೋವರ, ಅದರ ಪಕ್ಕದ ರಾಕ್ಷಸತಾಲ ಸರೋವರ ಎಲ್ಲವೂ ಹೆಚ್ಚುಕಡಿಮೆ ಅದೇ ಎತ್ತರದವು. ಪೂರ್ವಕ್ಕೆ ಹಿಂದಿರುಗಿದರೆ ನೂರಾರು ಕಿಲೋಮೀಟರ್ ಸಾಗಿದರೂ ಊರುಗಳು 4,500 ಮೀಟರಿನ ಆಸುಪಾಸಿನಲ್ಲೇ ಇವೆ. ಕಣ್ಣಿಗೆ ಬಯಲಾಗಿ ಕಂಡರೂ ಅಲ್ಲಿನ ಗಾಳಿಯ ಒತ್ತಡ ಕಡಲತೀರದ್ದರ ಶೇಕಡಾ 60ಕ್ಕಿಂತ ಕಡಿಮೆ.

ದಾರ್ಚೆನ್‌ನಲ್ಲಿ ನನಗೆ ಊಟ ಸೇರಲಿಲ್ಲ, ತಲೆನೋವು ಮಾತ್ರೆಗೆ ಬಗ್ಗಲಿಲ್ಲ, ನಡೆಯುವಾಗ ಕಾಲು ತೂರಾಡತೊಡಗಿತು. ಇವೆಲ್ಲ ಎತ್ತರದ ಕಾಯಿಲೆಯ ಲಕ್ಷಣಗಳು, ಕೆಳಗಿಳಿಯಲೇಬೇಕಿತ್ತು. ಕರೆದೊಯ್ಯಲು ಇದ್ದ ತಗ್ಗಿನ ಜಾಗವೆಂದರೆ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್ ದೂರದ ಪುರಾಂಗ್, ಅಂದರೆ ನಮ್ಮ ಯಾತ್ರಿಕರು ತಕ್ಲಾಕೋಟ್ ಎನ್ನುವ ಊರು. ಆ ರಸ್ತೆಯೂ ಗುರ್ಲಾ ಮಾಂಧಾತ ಪರ್ವತದ ಪಕ್ಕದಲ್ಲಿ ದಾರ್ಚೆನ್‌ಗಿಂತ ಎತ್ತರದ ಕಣಿವೆದಾರಿಯೊಂದನ್ನು ಏರಿಯೇ ಇಳಿಯುತ್ತದೆ, ಆ ಏರಿನಲ್ಲಿ ನನಗೆ ಉಸಿರೇ ಸಿಗಲಿಲ್ಲ. ಪುರಾಂಗ್ ಸುಮಾರು 3,900 ಮೀಟರಿನಲ್ಲಿದೆ. ಕರ್ನಾಲಿ ನದಿ ಹಿಮಾಲಯವನ್ನು ಸೀಳಿಕೊಂಡು ನೇಪಾಳದತ್ತ ಹರಿಯುವ ಕಣಿವೆಯಾದ್ದರಿಂದ ಅಲ್ಲಿ ಬಾರ್ಲಿ ಹೊಲಗಳಿವೆ. ಅಲ್ಲಿ ನಾನು ಚೇತರಿಸಿಕೊಂಡೆ. ಅಷ್ಟರಲ್ಲಿ ಸಂಗಡಿಗರು ಪರಿಕ್ರಮ ದಾರಿಯ ಅತಿ ಎತ್ತರದ ಕಣಿವೆದಾರಿಯಾದ 5,630 ಮೀಟರಿನ ಡೋಲ್ಮಾ ಲಾ ದಾಟಿ 52 ಕಿಲೋಮೀಟರಿನ ಪರಿಕ್ರಮ ಮುಗಿಸಿದ್ದರು. ಆ ನೋವು ಇಂದಿಗೂ ನನ್ನಲ್ಲಿ ಉಳಿದಿದೆ.

ಹಾಗಾಗಿ ದಾರ್ಚೆನ್‌ನಲ್ಲಿ ಎಷ್ಟು ದಿನ ತಂಗಬೇಕು ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ದಾರ್ಚೆನ್ ತಲುಪುವ ಮೊದಲು ಎಲ್ಲೆಲ್ಲಿ ಮಲಗುತ್ತೀರಿ ಎಂಬುದನ್ನು ನೋಡಿ. ನನ್ನ ಮಟ್ಟಿಗೆ, 2025ರಲ್ಲಿ ಮತ್ತೆ ಆರಂಭವಾದ ಸರ್ಕಾರಿ ಯಾತ್ರೆಯಲ್ಲಿ ಉತ್ತರಾಖಂಡದಿಂದ ಹೋಗುವ ಲಿಪುಲೇಖ್ ಮಾರ್ಗವೇ ಮೇಲು, ಏಕೆಂದರೆ ಅದು ಗಡಿಗೆ ಈಚಿನ ಗುಂಜಿ ಎಂಬ ಹಳ್ಳಿಯಲ್ಲಿ ವೈದ್ಯಕೀಯ ತಪಾಸಣೆ ಮುಗಿಸಿ ಹಂತಹಂತವಾಗಿ ಏರಿಸಿ, ಪುರಾಂಗ್ ಮೂಲಕವೇ ಕರೆದೊಯ್ಯುತ್ತದೆ. ಕೆರುಂಗ್ ಮಾರ್ಗವೇ ಅನಿವಾರ್ಯವಾದರೆ, ಅಲ್ಲಿ ಎರಡು ರಾತ್ರಿ ತಂಗುವುದೆಂದು ಕಾರ್ಯಕ್ರಮ ಪಟ್ಟಿಯಲ್ಲಿ ಬರೆಸಿಕೊಂಡ ನಂತರವೇ ಮುಂಗಡ ಹಣ ಕೊಡಿ.