ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಟೈಲರ್ ಆಗಿದ್ದವಳು ಸೂಪರ್‌ವೈಸರ್ ಆದೆ. ಲೈನ್ ನನ್ನ ಮಾತು ಕೇಳಬೇಕಾದರೆ ಗಟ್ಟಿಯಾಗಬೇಕಾ, ಮೆತ್ತಗಿರಬೇಕಾ? ಕೂಗಾಡಬೇಕಾ? ಲೀಡರ್ ಮನೋಭಾವ ಬೆಳೆಸಿಕೊಳ್ಳೋದು ಹೇಗೆ?

ಗಟ್ಟಿ, ಮೆತ್ತಗೆ ಎರಡೂ ಆಮೇಲಿನ ಮಾತು. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ಬೇರೆ ಸಾಲಿನ ಮೇಲೆ: "ಪೀಸ್ ಗುಡ್ಡೆ ಬಿದ್ದ ಕಡೆ ನಾನೇ ಕೂತು ಹೊಲಿದುಕೊಡ್ತೀನಿ, ಆದರೂ ಯಾರೂ ಬೆಲೆ ಕೊಡಲ್ಲ." ಸೂಪರ್‌ವೈಸರ್ ಆದ ಹೊಸದರಲ್ಲಿ ಆ ಸೀಟಿನಲ್ಲಿ ನಾನೂ ಎಂಟು ತಿಂಗಳು ಕೂತಿದ್ದೆ. ಅದನ್ನು ಒಳ್ಳೆಯತನ ಅಂದುಕೊಂಡಿದ್ದೆ.

ಲೆಕ್ಕ ನೋಡಿ. ಶರ್ಟ್ ಲೈನ್, 40 ಟೈಲರ್, ಒಂದು ಶರ್ಟಿಗೆ ಎಸ್‌ಎಎಂ 20 ನಿಮಿಷ, ಅಂದರೆ ಒಂದು ಶರ್ಟ್ ಮುಗಿಸೋಕೆ ಕೊಟ್ಟ ನಿಗದಿ ಹೊತ್ತು. ನೂರಕ್ಕೆ ನೂರು ಎಫಿಷಿಯನ್ಸಿ ಬಂದರೆ 8 ಗಂಟೆಗೆ 960 ಪೀಸ್. ನಮ್ಮದು 60 ಪರ್ಸೆಂಟ್, ಅಂದರೆ 576, ಗಂಟೆಗೆ 72. ಕಾಲರ್ ಅಟ್ಯಾಚಿಗೆ, ಅಂದರೆ ಶರ್ಟಿಗೆ ಕಾಲರ್ ಕೂರಿಸೋಕೆ, ಇಬ್ಬರು: ಹಳಬಳು ಗಂಟೆಗೆ 38 ಕೊಡ್ತಿದ್ದಳು, ಹೊಸಬಳು 25. ಒಟ್ಟು 63. ಗಂಟೆಗೆ 9 ಕಮ್ಮಿ, ದಿನಕ್ಕೆ 72. ಪೂರ್ತಿ ಒಂದು ಗಂಟೆಯ ಪ್ರೊಡಕ್ಷನ್ನೇ ಹೋಯ್ತು. ನಾನು ಮೊದಲು ಕಾಲರ್ ಟೈಲರೇ. ಸ್ಪೇರ್ ಮಿಷನ್ನಿಗೆ ಕೂತರೆ ಆ 9 ಪೀಸ್ ನನಗೆ ಹನ್ನೆರಡು ನಿಮಿಷದ ಕೆಲಸ. ಕೂತೆ.

ಬೋರ್ಡಿನಲ್ಲಿ ಗಂಟೆಗಂಟೆಗೂ 72 ಬಿತ್ತು. ಲೈನಿನ ಟೈಮು, ಜನದ ಲೆಕ್ಕ ಹಾಕೋ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ಹುಡುಗ ಬಂದ, 72 ನೋಡಿದ, ಲೈನ್ ಸರಿ ಇದೆ ಅಂತ ಬರೆದುಕೊಂಡು ಹೋದ. ಮೂರನೇ ಟೈಲರ್ ಬೇಕು ಅಂತ ಕೇಳಿದ ದಿನ ನನ್ನ ಬೋರ್ಡನ್ನೇ ನನಗೆ ತೋರಿಸಿದ. ಲೈನಿನ ಕೊರತೆಯನ್ನು ನಾನೇ ಹೊಲಿದು ಮುಚ್ಚಿಟ್ಟಿದ್ದೆ. ಹೊಸಬಳು 25ರಲ್ಲೇ ನಿಂತಳು. ಅವಳ ಮುಂದಿನ ಗುಡ್ಡೆ ಹೇಗೂ ಕರಗ್ತಿತ್ತಲ್ಲ, ಕೈ ಯಾಕೆ ಬೆಳೀಬೇಕು?

ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಹನ್ನೆರಡು ನಿಮಿಷ ಹನ್ನೆರಡಾಗಿ ಉಳಿಯಲ್ಲ. "ಇನ್ನೊಂದು ಬಂಡಲ್" ಅಂತ ಅರ್ಧ ಗಂಟೆಯಾಗುತ್ತೆ. ಒಂದು ದಿನ 40 ಸೈಜ್ ಮುಗಿದು 42 ಶುರುವಾಯ್ತು, ಲೇಬಲ್ ಡಬ್ಬಿ ಬದಲಾಗಲಿಲ್ಲ. 42ರ ಶರ್ಟಿಗೆ 40ರ ಲೇಬಲ್. ಆ ಪೀಸ್‌ಗಳು ನನ್ನ ಕೈ ಮೇಲೇ ಹಾದುಹೋದವು, ನಾನು ನೋಡಲಿಲ್ಲ. ಮಿಷನ್ನಿಗೆ ಕೂತವರ ಕಣ್ಣು ನಾಚ್ (ಬಟ್ಟೆ ಅಂಚಿನಲ್ಲಿ ಗುರುತಿಗೆ ಹಾಕಿದ ಸಣ್ಣ ಕಟ್) ಮೇಲೆ, ಸೂಜಿ ಮೇಲೆ ಇರುತ್ತೆ. ಲೇಬಲ್ ಓದೋದು ನಿಂತವರ ಕೆಲಸ. ನಿಂತವರು ಯಾರೂ ಇರಲಿಲ್ಲ. ಲೇಬಲ್ಲಿನಿಂದ ಎಂಡ್‌ಲೈನ್ ಚೆಕಿಂಗ್ ತನಕ ನಮ್ಮಲ್ಲಿ 14 ಆಪರೇಷನ್, ಅಂದರೆ ಹೊಲಿಗೆಯ ಹಂತ, ಒಂದೊಂದರ ಮುಂದೆ 10 ಪೀಸಿನ ಬಂಡಲ್. ಅಂದರೆ ಮೊದಲ ತಪ್ಪು ಪೀಸ್ ಚೆಕಿಂಗ್ ಟೇಬಲ್ ಮುಟ್ಟೋ ಹೊತ್ತಿಗೆ ಅದರ ಹಿಂದೆ 140 ತಪ್ಪು ಪೀಸ್ ಸಾಲಾಗಿ ಬರ್ತಿರುತ್ತೆ, ಸುಮಾರು ಎರಡು ಗಂಟೆಯ ಕೆಲಸ. ಬಿಳಿ ಪಾಪ್ಲಿನ್ ಬಟ್ಟೆ. ಲೇಬಲ್ ಬಿಚ್ಚಿದರೆ ಸೂಜಿ ತೂತು ಕಾಣುತ್ತೆ. ಒಂದಷ್ಟು ಆಲ್ಟರೇಷನ್ನಿಗೆ, ಉಳಿದದ್ದು ರಿಜೆಕ್ಷನ್ನಿಗೆ. ಗಂಟೆಗೆ 9 ಉಳಿಸೋಕೆ ಹೋಗಿ 140 ಕಳೆದಿದ್ದು ಹೀಗೆ.

ಆದ್ದರಿಂದ ಮೊದಲು ಎದ್ದು ನಿಲ್ಲಿ. ನಾಳೆ ಬೋರ್ಡಿನಲ್ಲಿ 63 ಅಂತಲೇ ಬರೀರಿ, ಪಕ್ಕದಲ್ಲಿ "ಕಾಲರ್, 9 ಕಮ್ಮಿ" ಅಂತ ಕೆಂಪಿನಲ್ಲಿ. ಪ್ರೊಡಕ್ಷನ್ ಮ್ಯಾನೇಜರ್ ಬೈತಾರೆ, ಬೈಸಿಕೊಳ್ಳಿ. ನೀವು ಕೇಳಿದ "ಲೀಡರ್ ಮನೋಭಾವ" ಶುರುವಾಗೋದು ಆ ಕೆಂಪು ಅಂಕಿಯಿಂದ, ವ್ಯಕ್ತಿತ್ವ ವಿಕಸನದ ಕ್ಲಾಸಿನಿಂದಲ್ಲ. ಆಗಲೇ ಪಕ್ಕದ ಲೈನಿನಿಂದ ಎರಡು ಗಂಟೆ ಕಾಲ ಒಬ್ಬ ಟೈಲರ್ ಕೇಳೋಕೆ ನಿಮಗೆ ಬಾಯಿ ಬರುತ್ತೆ.

ಆಮೇಲೆ ಹೊಸಬಳ ಹಿಂದೆ ನಿಂತು ಐದು ಪೀಸಿಗೆ ಟೈಮ್ ಹಿಡೀರಿ. ಕೈಗಡಿಯಾರ ಸಾಕು. ಹೊಲಿಗೆ ಕೆಲಸದಲ್ಲಿ ಸೂಜಿ ಓಡೋದು ಹೆಚ್ಚುಕಮ್ಮಿ ಕಾಲುಭಾಗ ಹೊತ್ತು. ಉಳಿದದ್ದೆಲ್ಲ ಎತ್ತೋದು, ಜೋಡಿಸೋದು, ದಾರ ಕತ್ತರಿಸೋದು, ಇಡೋದು. "ಬೇಗ ಹೊಲಿ" ಅಂದರೆ ಅವಳು ಪೆಡಲ್ ಒತ್ತುತ್ತಾಳೆ, ಕಾಲರ್ ಸೊಟ್ಟಗಾಗುತ್ತೆ, ಅಷ್ಟೆ. ನಮ್ಮವಳು ಕತ್ತಿನ ಸುತ್ತ ಏಳೆಂಟು ಕಡೆ ನಿಲ್ಲಿಸಿ ಬಟ್ಟೆ ಸರಿಮಾಡ್ತಿದ್ದಳು. ಎರಡು ಶೋಲ್ಡರ್, ಒಂದು ಬೆನ್ನಿನ ಮಧ್ಯ, ಈ ಮೂರು ನಾಚಿನಲ್ಲಿ ಮಾತ್ರ ನಿಲ್ಲಿಸು ಅಂದೆ. ಬಲಗಡೆ ಇರ್ತಿದ್ದ ಕಾಲರ್ ಕಟ್ಟನ್ನು ಎಡಗೈಗೆ ಸಿಗೋ ಹಾಗೆ ಇಡಿಸಿದೆ. ಎರಡು ವಾರಕ್ಕೆ 34 ಬಂತು. 38ಕ್ಕೆ 34 ಸೇರಿಸಿ ನೋಡಿ. ನೀವು ಒಳ್ಳೆ ಟೈಲರ್ ಆಗಿದ್ದು ಉಪಯೋಗಕ್ಕೆ ಬರೋದು ಇಲ್ಲಿ, ಅವಳ ಕೈ ಓದೋದರಲ್ಲಿ.

ಬೆಳಿಗ್ಗೆ ಮೊದಲ ಹತ್ತು ನಿಮಿಷ ಹಾಜರಿ ನೋಡಿ. ಯಾರಿಗೆ ಯಾವ ಆಪರೇಷನ್ ಬರುತ್ತೆ ಅನ್ನೋ ಪಟ್ಟಿ ಜೇಬಿನಲ್ಲಿರಲಿ. ಕಾಲರ್, ಕಫ್, ಸ್ಲೀವ್ ಬರೋರು ತಲಾ ಮೂರು ಜನ ಇರಬೇಕು. ಸೈಜ್, ದಾರ, ಲೇಬಲ್ ಏನು ಬದಲಾದರೂ ಮೊದಲ ಬಂಡಲ್ ನೀವೇ ಬಿಚ್ಚಿ ನೋಡಿ.

ಕೂಗಾಟದ ವಿಷಯ ಕೇಳಿದ್ದೀರಿ. ಇಡೀ ಲೈನಿನ ಎದುರಿಗೆ ಒಬ್ಬಳನ್ನು ಬೈದರೆ 39 ಜನ ಅವಳ ಕಡೆ ಆಗ್ತಾರೆ. ಪಿಎಫ್ ಹಣ ತೆಗೆಯೋ ನಿಯಮ ಬಿಗಿ ಮಾಡಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆ ತಡೆದು ನಿಂತವರು ಇದೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಎರಡನೇ ದಿನಕ್ಕೆ ಕೇಂದ್ರ ಸರ್ಕಾರವೇ ನಿಯಮ ವಾಪಸ್ ತಗೊಂಡಿತು. ನಮ್ಮ ನಿಮ್ಮ ಕೂಗಿಗೆ ಇವರು ಹೆದರ್ತಾರೆ ಅಂದುಕೊಳ್ಳಬೇಡಿ. ತಪ್ಪಿದ್ದರೆ ಪೀಸ್ ತಗೊಂಡು ಅವಳ ಮಿಷನ್ ಹತ್ತಿರ ಹೋಗಿ ಮೆಲ್ಲಗೆ ತೋರಿಸಿ. ಹೊತ್ತು ಮೀರಿ ನಿಲ್ಲಿಸಿದರೆ ಓಟಿ ಬರೆಸಿ, ಅದಕ್ಕೆ ಎರಡು ಪಟ್ಟು ಕೂಲಿ ಕಾನೂನಿನಲ್ಲೇ ಇದೆ. "ಅಡ್ಜಸ್ಟ್ ಮಾಡ್ಕೊಳ್ಳಿ ಅಕ್ಕ" ಅನ್ನೋ ಮಾತು ಒಂದು ಸಲ ನಡೆಯುತ್ತೆ.

ಅಕ್ಕ ಅಂತಿದ್ದವರು ಈಗ ಮೇಡಂ ಅಂತಾರೆ ಅನ್ನೋ ಬೇಜಾರು ಬಿಡಿ, ಅದು ತಾನಾಗೇ ಸರಿಹೋಗುತ್ತೆ.

ಮಿಷನ್ ಮುಟ್ಟಲೇಬಾರದಾ ಅಂದರೆ, ಯಾರಾದರೂ ಬಾತ್‌ರೂಮಿಗೆ ಎದ್ದಾಗ ಒಂದು ಬಂಡಲ್ ಹೊಲೀರಿ, ಎರಡಲ್ಲ. ಆ 10 ಪೀಸನ್ನು ಬೋರ್ಡಿನಲ್ಲಿ ನಿಮ್ಮ ಹೆಸರಲ್ಲೇ ಬರೀರಿ, ಟೈಲರ್ ಲೆಕ್ಕಕ್ಕೆ ಸೇರಿಸಬೇಡಿ.