‘ಪರಿಶೀಲಿಸುತ್ತೇವೆ’ ಅಂದರೆ ಏನರ್ಥ?

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ನಿವೃತ್ತ ಮೇಷ್ಟ್ರು, ಈಗ ಕಾಫಿ ತೋಟ ನೋಡಿಕೊಂಡಿದ್ದಾರೆ. ಮಳೆಗೆ ಲಕೋಟೆಯ ಮೂಲೆ ನೆನೆದು ನೀಲಿ ಶಾಯಿ ಹರಡಿದೆ. ಸಿಟ್ಟು ಮಾತ್ರ ಒಂದು ಅಕ್ಷರವೂ ಅಳಿಸಿಲ್ಲ. ಅವರು ಹೇಳುವುದು ಇಷ್ಟು:

‘ಈಜಿಪ್ಟಿನ ಜೈಲಿನಲ್ಲಿದ್ದ ಮಗನಿಗಾಗಿ ಲಂಡನ್ನಿನಲ್ಲಿ ಉಪವಾಸ ಮಾಡಿದ ತಾಯಿ, ಅಲ್ಲಿಯ ಸಂಸದರು ಸರ್ಕಾರಕ್ಕೆ ಹಾಕಿದ ಪ್ರಶ್ನೆ ಅಂತ ಎರಡು ಪುಟ ತುಂಬಿಸಿದ್ದೀರಿ. ಲಂಡನ್ನಿನ ಪಂಚಾಯ್ತಿ ಮಡಿಕೇರಿಗೇಕೆ? ನಮ್ಮ ಆನೆ ಕಂದಕದ ಬಗ್ಗೆ ಕೇಳಿದಾಗಲೆಲ್ಲ ಇಲ್ಲಿಯ ಮಂತ್ರಿಗಳು ಪರಿಶೀಲಿಸುತ್ತೇವೆ ಅನ್ನುತ್ತಾರೆ. ಆನೆಯೇ ಬಂದು ಪರಿಶೀಲಿಸಿ ಹೋಗುತ್ತದೆ. ಸದನದಲ್ಲಿ ಕೇಳಿದ ಪ್ರಶ್ನೆಯಿಂದ ಯಾವ ಜೈಲಿನ ಬೀಗ ತೆರೆದಿದೆ, ಹೇಳಿ.’

ಮೇಷ್ಟ್ರೇ, ಆನೆಯ ಮಾತಿಗೆ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಯಾರಿಗೂ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಉದ್ದದ ಕಾಗದ.

ಮೊದಲು ನೀವು ಹೇಳಿದ್ದರಲ್ಲಿ ಸರಿ ಇರುವುದನ್ನು ಒಪ್ಪಿಕೊಳ್ಳುತ್ತೇನೆ. ಅಲಾ ಅಬ್ದೆಲ್ ಫತ್ತಾಹ್‌ನನ್ನು ಬಿಡಿಸಿದ್ದು ಬ್ರಿಟಿಷ್ ಸಂಸತ್ತಲ್ಲ. 2025ರ ಸೆಪ್ಟೆಂಬರಿನಲ್ಲಿ ಕ್ಷಮಾದಾನಕ್ಕೆ ಸಹಿ ಹಾಕಿದ್ದು ಈಜಿಪ್ಟಿನ ಅಧ್ಯಕ್ಷ ಅಲ್-ಸಿಸಿ. ಬೀಗದ ಕೈ ಇದ್ದದ್ದು ಅವರ ಹತ್ತಿರವೇ.

ಆದರೆ ಅಲ್ಲಿಯವರೆಗೆ ನಡೆದದ್ದನ್ನು ಸ್ವಲ್ಪ ನೋಡಿ. ಅಲಾ 2011ರ ಕೈರೋ ಬಂಡಾಯದ ಕಾಲದ ಹೋರಾಟಗಾರ, ಸಾಫ್ಟ್‌ವೇರ್ ಕೆಲಸದವನು. 2019ರ ಸೆಪ್ಟೆಂಬರಿನಲ್ಲಿ ಹಿಡಿದರು. ಜೈಲಿನ ಚಿತ್ರಹಿಂಸೆ ಬಗ್ಗೆ ಫೇಸ್‌ಬುಕ್‌ನಲ್ಲಿ ಒಂದು ಪೋಸ್ಟ್ ಹಂಚಿಕೊಂಡದ್ದಕ್ಕೆ ‘ಸುಳ್ಳು ಸುದ್ದಿ’ ಅಂತ 2021ರ ಡಿಸೆಂಬರಿನಲ್ಲಿ 5 ವರ್ಷ ಶಿಕ್ಷೆ. ತಾಯಿ ಲೈಲಾ ಸುಯೀಫ್ ಲಂಡನ್ನಿನಲ್ಲಿ ಹುಟ್ಟಿದವರು, ಕೈರೋದಲ್ಲಿ ಗಣಿತದ ಪ್ರೊಫೆಸರ್. ಹಾಗಾಗಿ ಮಗನಿಗೂ ಬ್ರಿಟಿಷ್ ಪೌರತ್ವ ಸಿಕ್ಕಿತು. ಆದರೂ ಅವನನ್ನು ನೋಡಲು ಬ್ರಿಟಿಷ್ ರಾಯಭಾರ ಕಚೇರಿಯವರನ್ನು ಈಜಿಪ್ಟ್ ಬಿಡಲಿಲ್ಲ. 2024ರ ಸೆಪ್ಟೆಂಬರಿಗೆ 5 ವರ್ಷ ಮುಗಿಯಿತು. ವಿಚಾರಣೆ ಕಾಲದ ಜೈಲುವಾಸ ಲೆಕ್ಕಕ್ಕಿಲ್ಲ, 2027ರವರೆಗೆ ಒಳಗೇ ಇರಲಿ ಅಂದರು. ಅವತ್ತು ತಾಯಿ ಊಟ ಬಿಟ್ಟರು. ಸಕ್ಕರೆ ಹಾಕದ ಕಪ್ಪು ಕಾಫಿ, ಟೀ, ಉಪ್ಪಿನ ದ್ರಾವಣ, ಅಷ್ಟೇ. 68 ವರ್ಷದ ಹೆಂಗಸು ಚಳಿಗಾಲದಲ್ಲಿ ಪ್ರಧಾನಿ ಮನೆಯಿರುವ ಡೌನಿಂಗ್ ಸ್ಟ್ರೀಟಿನ ಬಾಗಿಲಲ್ಲಿ ಕೂತಿರುತ್ತಿದ್ದರು. ನಮ್ಮ ಕಾಫಿ ಸೀಮೆಯಲ್ಲೂ ಬರೀ ಕಾಫಿಯಲ್ಲಿ ಯಾರೂ ಬದುಕುವುದಿಲ್ಲ, ಅಲ್ವಾ?

ಈಗ ಪ್ರಶ್ನೆಗಳ ವಿಷಯಕ್ಕೆ ಬರುತ್ತೇನೆ. ಡೇವಿಡ್ ಲ್ಯಾಮಿ ಎಂಬವರು ವಿರೋಧ ಪಕ್ಷದಲ್ಲಿದ್ದಾಗ, 2022ರಲ್ಲಿ, ವಿದೇಶಾಂಗ ಕಚೇರಿಯ ಹೊರಗೆ ಧರಣಿ ಕೂತಿದ್ದ ಈ ಕುಟುಂಬದ ಹತ್ತಿರ ಹೋಗಿ ಬೆಂಬಲ ಹೇಳಿದ್ದರು. ಆಗಿನ ಸರ್ಕಾರ ಗಟ್ಟಿಯಾಗಿ ನಿಲ್ಲುತ್ತಿಲ್ಲ ಅಂತ ದೂರಿದ್ದರು. 2024ರ ಜುಲೈನಲ್ಲಿ ಅವರೇ ವಿದೇಶಾಂಗ ಸಚಿವರಾದರು. ಆಗ ಬೇರೆ ಸಂಸದರು ಎದ್ದು ನಿಂತಾಗ ಹೊಸ ವಾದವೇನೂ ಬೇಕಿರಲಿಲ್ಲ. ಲ್ಯಾಮಿಯವರ ಹಳೆಯ ಮಾತನ್ನು ಅವರ ಮುಂದೆಯೇ ಇಟ್ಟರೆ ಸಾಕಿತ್ತು. ‘ವಿಷಯ ಪ್ರಸ್ತಾಪಿಸಿದ್ದೇವೆ’ ಅಂದರೆ ಮುಂದಿನ ಪ್ರಶ್ನೆ: ಯಾವತ್ತು, ಯಾರು, ಯಾರ ಹತ್ತಿರ? 2025ರ ಫೆಬ್ರುವರಿಯಲ್ಲಿ ಆ ತಾಯಿ ಆಸ್ಪತ್ರೆ ಸೇರಿದ ಮೇಲೆ ಪ್ರಧಾನಿ ಸ್ಟಾರ್ಮರ್ ಅವರೇ ಅಲ್-ಸಿಸಿಗೆ ಫೋನ್ ಮಾಡಿದರು. ಮೇ ತಿಂಗಳಲ್ಲಿ ಇನ್ನೊಮ್ಮೆ. ಫೋನ್ ಮಾಡಿಸಿದ್ದು ಉಪವಾಸವೇ, ಪ್ರಶ್ನೆಯೇ ಅಂತ ಬಿಡಿಸಿ ಹೇಳಲು ನಾನು ಹೋಗುವುದಿಲ್ಲ. ಆದರೆ ಕೇಳುವವರು ಇಲ್ಲದಿದ್ದರೆ ‘ಪ್ರಸ್ತಾಪಿಸಿದ್ದೇವೆ’ ಎಂಬಲ್ಲಿಗೇ ಕಡತ ಮುಚ್ಚುತ್ತಿತ್ತು.

ಅಲಾ ಸಂತನೇನಲ್ಲ ಅಂತ ನೀವು ಎರಡನೇ ಪುಟದಲ್ಲಿ ಚುಚ್ಚಿದ್ದೀರಿ. ನಿಜ. 2025ರ ಡಿಸೆಂಬರ್ ಕೊನೆಗೆ ಆತ ಬ್ರಿಟನ್ನಿಗೆ ಬಂದಿಳಿದ, ಪ್ರಧಾನಿ ಸಂತೋಷ ಹೇಳಿಕೊಂಡರು. ಬೆನ್ನಿಗೇ ಆತನ ಹಳೆಯ ಟ್ವೀಟ್‌ಗಳು ಹೊರಬಂದವು. ಹಿಂಸೆಯನ್ನು ಹೊಗಳುವ ಕೆಟ್ಟ ಮಾತುಗಳು. ಆತ ಕ್ಷಮೆ ಕೇಳಿದ. ಮಂತ್ರಿಗಳಿಗೆ ಇದೆಲ್ಲ ಯಾಕೆ ಗೊತ್ತಿರಲಿಲ್ಲ ಅಂತ ಸರ್ಕಾರವೇ ತನಿಖೆ ಮಾಡಿಸಬೇಕಾಯಿತು. ನನ್ನನ್ನು ಕೇಳಿದರೆ, ಒಂದು ಪೋಸ್ಟಿಗೆ ಜೈಲಿಗೆ ಹಾಕಿದ್ದೂ ತಪ್ಪು, ಮನೆಗೆ ಕರೆಯುವ ಮುಂಚೆ ಹಿಂದುಮುಂದು ನೋಡದಿದ್ದದ್ದೂ ತಪ್ಪು. ಎರಡನ್ನೂ ಕೇಳುವ ಜಾಗ ಒಂದೇ ಸದನ.

ಲಂಡನ್ನಿಗೂ ಮಡಿಕೇರಿಗೂ ಏನು ಸಂಬಂಧ ಅಂದಿರಿ. ಮೇಷ್ಟ್ರಾಗಿ ಇದನ್ನು ಕೇಳಬಾರದಿತ್ತು! 1834ರಲ್ಲಿ ಪಟ್ಟ ಕಳಕೊಂಡ ನಮ್ಮ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನನ್ನು ಕರಕೊಂಡು ಹೋದದ್ದು ಎಲ್ಲಿಗೆ? ಕಂಪನಿ ಹಿಡಿದಿಟ್ಟ ದುಡ್ಡಿಗಾಗಿ ಅಲ್ಲೇ ಕೇಸು ಹಾಕಿದ, 1859ರಲ್ಲಿ ಅಲ್ಲೇ ಸತ್ತ. ದುಡ್ಡು ಅವನ ಕೈಗೆ ಬರಲಿಲ್ಲ.

ಅಷ್ಟು ಹಿಂದಕ್ಕೆ ಯಾಕೆ, ಕುಶಾಲನಗರದ ಸೇತುವೆ ದಾಟಿ. ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟಿನವರಿದ್ದಾರೆ. ಊರಿಗೆ ಫೋನ್ ಮಾಡುವಾಗ ಯಾವ ಮಾತು ಬಾಯಿಗೆ ಬರಬಾರದು ಅಂತ ಯೋಚಿಸಬೇಕಾದ ಜನ. ಬೇರೆ ದೇಶಕ್ಕೆ ಬಂದವರನ್ನೂ ಬೆನ್ನಟ್ಟಿ ಹೆದರಿಸುವ ಸರ್ಕಾರಗಳ ಬಗ್ಗೆ ಬ್ರಿಟಿಷ್ ಸಂಸತ್ತಿನ ಮಾನವ ಹಕ್ಕುಗಳ ಜಂಟಿ ಸಮಿತಿ 2025ರ ಜುಲೈನಲ್ಲಿ ವರದಿ ಕೊಟ್ಟಿತು. ಅದರಲ್ಲಿ ಚೀನಾ, ಈಜಿಪ್ಟ್ ಜೊತೆ ಭಾರತದ ಹೆಸರೂ ಇತ್ತು. ಆಧಾರವಿಲ್ಲದ ಮಾತು ಅಂತ ದೆಹಲಿ ತಳ್ಳಿಹಾಕಿತು. ಇದನ್ನೂ ಬರೆಯದಿದ್ದರೆ ನೀವೇ ನಾಳೆ ಇನ್ನೊಂದು ಕಾಗದ ಹಾಕುತ್ತೀರಿ.

ಇನ್ನು ನಿಮ್ಮ ‘ಪರಿಶೀಲಿಸುತ್ತೇವೆ’. ಇದು ಸುಮ್ನೆ ಆಡಿಬಿಡುವ ಮಾತು ಅಂತ ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಅಲ್ಲ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ. ಮಂತ್ರಿ ಸದನದಲ್ಲಿ ‘ಪರಿಶೀಲಿಸುತ್ತೇನೆ’, ‘ಮಾಹಿತಿ ತರಿಸಿಕೊಂಡು ಸದನದ ಮುಂದಿಡುತ್ತೇನೆ’ ಅಂದರೆ ಅದು ಭರವಸೆ. ಆ ಸಮಿತಿ ಅದನ್ನು ಬರೆದಿಟ್ಟುಕೊಳ್ಳುತ್ತದೆ. 3 ತಿಂಗಳಲ್ಲಿ ಈಡೇರಿಸಬೇಕು, ಇಲ್ಲದಿದ್ದರೆ ಕಾರಣ ಕೊಟ್ಟು ಗಡುವು ಕೇಳಬೇಕು. ವರ್ಷಗಟ್ಟಲೆ ಬಾಕಿ ಉಳಿದವೂ ಇವೆ, ಸುಳ್ಳು ಹೇಳುವುದಿಲ್ಲ. ನಮ್ಮ ವಿಧಾನಮಂಡಲದಲ್ಲೂ ಇಂಥ ಸಮಿತಿ ಇದೆ. ಆನೆ ಕಂದಕದ ಬಗ್ಗೆ ಮಂತ್ರಿಗಳು ಯಾವ ದಿನ ಏನು ಹೇಳಿದರು ಎಂಬುದು ನಿಮ್ಮ ಹತ್ತಿರ ಬರವಣಿಗೆಯಲ್ಲಿ ಇದೆಯಾ? ಇದ್ದರೆ ಅದು ಸಾಲದ ಚೀಟಿ. ಕೇಳಲು ಬರುತ್ತದೆ.

ಲಿಖಿತ ಉತ್ತರದ ಬೆಲೆ ಇನ್ನೊಂದು ಕಡೆಯಿಂದಲೂ ಗೊತ್ತಾಗುತ್ತದೆ. ಹೊರದೇಶದ ಜೈಲುಗಳಲ್ಲಿ ವಿಚಾರಣೆ ಕಾಯುತ್ತಿರುವವರೂ ಸೇರಿ 10,152 ಭಾರತೀಯರಿದ್ದಾರೆ ಅಂತ 2025ರ ಮಾರ್ಚಿನಲ್ಲಿ ತಿಳಿಯಿತಲ್ಲ, ಅದು ಸಂಸತ್ತಿನಲ್ಲಿ ಯಾರೋ ಕೇಳಿದ್ದಕ್ಕೆ ವಿದೇಶಾಂಗ ಇಲಾಖೆ ಕೊಟ್ಟ ಉತ್ತರ. ಅದರಲ್ಲಿ ಬಹಳ ಜನ ಇರುವುದು ಸೌದಿ, ಯುಎಇ ಜೈಲುಗಳಲ್ಲಿ. ನಾಪೋಕ್ಲು, ವಿರಾಜಪೇಟೆಯಲ್ಲಿ ಗಲ್ಫಿಗೆ ಮಗನನ್ನು ಕಳಿಸಿದ ಮನೆಗಳು ಎಷ್ಟಿವೆ ಅಂತ ನಿಮಗೇ ಜಾಸ್ತಿ ಗೊತ್ತು.

ನಿಮ್ಮ ಅಕ್ಕನ ಮಗನೂ ಅಲ್ಲೇ ಕೆಲಸದಲ್ಲಿದ್ದಾನೆ, ಅಲ್ಲಿಯವರ ಕಷ್ಟದ ಬಗ್ಗೆ ಯಾರಿಗೆ ಬರೆಯಬೇಕು ಅಂತ ಕೊನೆಯ ಸಾಲಿನಲ್ಲಿ ಕೇಳಿದ್ದೀರಿ. ಮೈಸೂರು-ಕೊಡಗು ಕ್ಷೇತ್ರದ ಸಂಸದರಿಗೆ ಬರೆಯಿರಿ. ಚುಕ್ಕೆ ಗುರುತಿನ ಪ್ರಶ್ನೆ ಕೇಳಲು ಹೇಳಿ. ಅದಕ್ಕೆ ಮಂತ್ರಿ ಎದ್ದು ನಿಂತು ಬಾಯಿಬಿಟ್ಟು ಉತ್ತರ ಕೊಡಬೇಕು, ಉಪಪ್ರಶ್ನೆಯೂ ಹಾಕಬಹುದು. ಒಂದು ದಿನಕ್ಕೆ ಅಂಥವು 20 ಮಾತ್ರ, ಲಾಟರಿಯಲ್ಲಿ ಬರಬೇಕು. ಬರದಿದ್ದರೆ ಲಿಖಿತ ಉತ್ತರವಾದರೂ ಸಿಗಲಿ. 15 ದಿನ ಮುಂಚೆ ನೋಟಿಸ್ ಬೇಕು, ಆದ್ದರಿಂದ ಅಧಿವೇಶನ ಶುರುವಾಗುವವರೆಗೆ ಕಾಯಬೇಡಿ. ಮತ್ತೆ ಪಿನ್ ಕೋಡ್ ಮರೆಯಬೇಡಿ. ನನಗೆ ಬಂದ ಲಕೋಟೆಯಲ್ಲಿ ಅದಿರಲಿಲ್ಲ. ಸೋಮವಾರಪೇಟೆಯಿಂದ ಮಡಿಕೇರಿಗೆ ಬರಲು ಒಂಬತ್ತು ದಿನ ಹಿಡಿಯಿತು.

— ಸಂಪಾದಕ