ಗಿಡಗಳು ‘ಜಿಗಿಯುವ ಜೀನ್’ಗಳನ್ನು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಸುಮ್ಮನಿರಿಸುತ್ತವೆ?

ಮುಸುಕಿನ ಜೋಳದ ಡಿಎನ್‌ಎಯಲ್ಲಿ ಸುಮಾರು 85% ಭಾಗ ಇಂಥ, ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುವ ತುಣುಕುಗಳೇ, ಅಂದರೆ ಟ್ರಾನ್ಸ್‌ಪೋಸಾನ್‌ಗಳು. ಕಾಳಿನ ಮೇಲಿನ ಚುಕ್ಕೆಗಳ ಜಾಡು ಹಿಡಿದು ವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಇವನ್ನು 1940ರ ದಶಕದಲ್ಲೇ ಗುರುತಿಸಿದರು. ನೊಬೆಲ್ ಬಂದದ್ದು 1983ರಲ್ಲಿ!

ಇವೆಲ್ಲ ಒಟ್ಟಿಗೆ ಜಿಗಿದರೆ ಗಿಡಕ್ಕೆ ಉಳಿಗಾಲವಿಲ್ಲ. ಅದಕ್ಕೇ 24 ಅಕ್ಷರಗಳ ಪುಟ್ಟ ಆರ್‌ಎನ್‌ಎಗಳು ಅವನ್ನು ಪತ್ತೆಹಚ್ಚಿ ಅವುಗಳ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಹಾಕಿಸುತ್ತವೆ. ಗುರುತು ಬಿದ್ದ ತುಣುಕು ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಡಿಎನ್‌ಎ ನಕಲಾಗುವಾಗ ಮೆಟ್1 ಎಂಬ ಕಿಣ್ವ ಹಳೆಯ ಎಳೆ ನೋಡಿಕೊಂಡು ಹೊಸ ಎಳೆಗೂ ಗುರುತು ಹಾಕುತ್ತದೆ.

ನನ್ನ ಪ್ರಕಾರ ನಿಜವಾದ ಉತ್ತರ ಇರುವುದು ಇಲ್ಲಿ: ಸಸ್ತನಿಗಳ ಭ್ರೂಣದಲ್ಲಿ ಈ ಗುರುತುಗಳು ಬಹುಪಾಲು ಅಳಿಸಿಹೋಗಿ ಮತ್ತೆ ಮೂಡುತ್ತವೆ. ಗಿಡಗಳಲ್ಲಿ ಹಾಗೆ ಪೂರ್ತಿ ಅಳಿಸುವುದಿಲ್ಲ. ಹಾಗಾಗಿ ಬೀಜದೊಳಗೆ ಡಿಎನ್‌ಎ ಜೊತೆ ಅದರ ಮೌನವೂ ಸಾಗುತ್ತದೆ. ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಈ ಗುರುತುಗಳನ್ನು ಉಳಿಸಲು ಬೇಕಾದ ಡಿಡಿಎಂ1 ಜೀನ್ ಕೆಟ್ಟರೆ ತುಣುಕುಗಳು ಎಚ್ಚೆತ್ತುಕೊಳ್ಳುತ್ತವೆ. ಪೀಳಿಗೆ ಕಳೆದಂತೆ ಗಿಡದ ವಿಕಾರವೂ ಹೆಚ್ಚುತ್ತದೆ.